ಕ್ರಯಪತ್ರ ನೋಂದಣಿಯಾದರೂ ಒಡೆತನ ಏಕೆ ಖಚಿತವಲ್ಲ?

ಆಸ್ತಿ ನೋಂದಣಿಯ ಬಗ್ಗೆ ಸುಪ್ರೀಂ ಕೋರ್ಟ್‌ 2025ರಲ್ಲಿ ಮೂರು ಸಲ ಮಾತಾಡಿತು. ಏಪ್ರಿಲ್‌ನಲ್ಲಿ ತಮಿಳುನಾಡಿನ ಪ್ರಕರಣವೊಂದರಲ್ಲಿ, ಮಾರುವವರಿಗೆ ಹಕ್ಕಿದೆಯೋ ಇಲ್ಲವೋ ಎಂದು ತೀರ್ಮಾನಿಸುವುದು ಸಬ್‌ ರಿಜಿಸ್ಟ್ರಾರ್‌ ಕೆಲಸವಲ್ಲ ಎಂದಿತು. ಮೇ ತಿಂಗಳಲ್ಲಿ ತೆಲಂಗಾಣದ ಪ್ರಕರಣದಲ್ಲಿ, ನೋಂದಣಿಯಾದ ಮಾತ್ರಕ್ಕೆ ಒಡೆತನ ಬಂದುಬಿಡುವುದಿಲ್ಲ ಎಂದಿತು. ನವೆಂಬರ್‌ 7ರಂದು ಬಿಹಾರದ ಪ್ರಕರಣದಲ್ಲಿ, ಮಾರುವವರ ಹೆಸರಿಗೆ ಜಮಾಬಂದಿ (ಕಂದಾಯ ದಾಖಲೆಯ ನಮೂದು) ಆಗಿಲ್ಲ ಎಂಬ ಕಾರಣಕ್ಕೆ ನೋಂದಣಿ ನಿರಾಕರಿಸಲು ಅವಕಾಶ ಕೊಡುತ್ತಿದ್ದ ನಿಯಮವನ್ನೇ ರದ್ದು ಮಾಡಿತು.

ಇದೇ ಹೊತ್ತಿಗೆ ಕರ್ನಾಟಕದ ದಾರಿ ಬೇರೆಯೇ ಕಡೆಗಿತ್ತು. 2024ರ ಅಕ್ಟೋಬರ್‌ನಿಂದ ಬೆಂಗಳೂರಿನಲ್ಲಿ ಇ-ಖಾತೆ (ಪಾಲಿಕೆಯ ಆಸ್ತಿ ಖಾತೆಯ ಡಿಜಿಟಲ್‌ ರೂಪ) ಇಲ್ಲದೆ ಕ್ರಯಪತ್ರ ನೋಂದಣಿ ಆಗುತ್ತಿಲ್ಲ. 2025ರ ಆಗಸ್ಟ್‌ 31ರಿಂದ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿತು. ನಗರದಲ್ಲಿ 60 ಲಕ್ಷ ರೂಪಾಯಿಯ ನಿವೇಶನ ಕೊಂಡರೆ ಮುದ್ರಾಂಕ ಶುಲ್ಕ 3 ಲಕ್ಷ, ಅದರ ಮೇಲೆ ಸೆಸ್‌ 30 ಸಾವಿರ, ಸರ್‌ಚಾರ್ಜ್‌ 6 ಸಾವಿರ, ನೋಂದಣಿ ಶುಲ್ಕ 1.20 ಲಕ್ಷ. ಒಟ್ಟು 4.56 ಲಕ್ಷ ಸರ್ಕಾರಕ್ಕೆ ಹೋಗುತ್ತದೆ.

ಇಷ್ಟು ಕಟ್ಟಿದ ಮೇಲೂ ನೋಂದಣಿ ಒಡೆತನದ ಖಾತರಿ ಅಲ್ಲವೆಂದರೆ, ಕಟ್ಟಿದ್ದು ಯಾತಕ್ಕೆ? ನೋಂದಣಾಧಿಕಾರಿ ಹಕ್ಕು ನೋಡಬಾರದೆಂದರೆ ಇ-ಖಾತೆ ಕೇಳುವುದು ಹೇಗೆ? ಓದುಗರ ಗೊಂದಲ ಸಹಜ. ಅದರ ಬೇರು ಈಚಿನ ತೀರ್ಪುಗಳಲ್ಲಿಲ್ಲ, 1882 ಮತ್ತು 1908ರ ಎರಡು ಕಾಯ್ದೆಗಳಲ್ಲಿದೆ.

ನೋಂದಣಿಯಾಗುವುದು ಕಾಗದ, ಜಮೀನಲ್ಲ

1908ರ ನೋಂದಣಿ ಕಾಯ್ದೆಯ 34 ಮತ್ತು 35ನೇ ಕಲಂಗಳು ಸಬ್‌ ರಿಜಿಸ್ಟ್ರಾರ್‌ಗೆ ಕೊಟ್ಟಿರುವ ವಿಚಾರಣೆಯ ವ್ಯಾಪ್ತಿ ಬಹಳ ಕಿರಿದು. ಈ ಪತ್ರಕ್ಕೆ ಸಹಿ ಹಾಕಿದವರು ನಿಜವಾಗಿ ಇವರೇನಾ? ಎದುರಿಗೆ ಬಂದವರು ತಾವು ಹೇಳಿಕೊಳ್ಳುತ್ತಿರುವ ವ್ಯಕ್ತಿಯೇನಾ? ಬೇರೆಯವರ ಪರವಾಗಿ ಬಂದಿದ್ದರೆ ಅಧಿಕಾರಪತ್ರ ಇದೆಯಾ? ಇದರ ಜೊತೆಗೆ ಆಸ್ತಿಯ ವಿವರ ಗುರುತು ಹಿಡಿಯುವಷ್ಟು ಸ್ಪಷ್ಟವಾಗಿದೆಯೇ, ಮುದ್ರಾಂಕ ಶುಲ್ಕ ಸರಿಯಾಗಿದೆಯೇ, ಸಹಿಯಾಗಿ ನಾಲ್ಕು ತಿಂಗಳೊಳಗೆ ಹಾಜರುಪಡಿಸಿದ್ದಾರೆಯೇ ಎಂದು ನೋಡುತ್ತಾರೆ. ಭಾವಚಿತ್ರ, ಬೆರಳಚ್ಚು ತೆಗೆದುಕೊಳ್ಳುವುದು 2001ರ ತಿದ್ದುಪಡಿಯಿಂದ ಬಂದದ್ದು.

ಮಾರುವವರು ಆ ಜಮೀನಿನ ಒಡೆಯರೇ ಎಂಬ ಪ್ರಶ್ನೆ ಈ ಪಟ್ಟಿಯಲ್ಲಿ ಇಲ್ಲ. ಇದು ಕಣ್ತಪ್ಪಿನಿಂದ ಬಿಟ್ಟುಹೋದದ್ದೂ ಅಲ್ಲ. ಬ್ರಿಟಿಷ್‌ ಆಡಳಿತಕ್ಕೆ ಬೇಕಿದ್ದುದು ಸುಳ್ಳು ಪತ್ರ, ಹಿಂದಿನ ದಿನಾಂಕ ಹಾಕಿದ ಪತ್ರಗಳನ್ನು ತಡೆಯುವ ಸಾರ್ವಜನಿಕ ದಾಖಲೆ. ಒಡೆತನ ಯಾರದೆಂದು ತೀರ್ಮಾನಿಸುವ ಕೆಲಸ ಸಿವಿಲ್‌ ನ್ಯಾಯಾಲಯದಲ್ಲೇ ಉಳಿಯಿತು. ಹಾಗಾಗಿ ನೋಂದಣಿ ಕಚೇರಿಯ ಮೊದಲನೇ ಪುಸ್ತಕದಲ್ಲಿ ಸೇರುವ ಮಾತು ಇಷ್ಟೇ: ಇಂಥ ದಿನ, ಇಂಥವರು, ಇಂಥವರಿಗೆ, ಇಂಥ ಆಸ್ತಿ ಮಾರಿದ್ದೇವೆಂದು ಬರೆದುಕೊಟ್ಟಿದ್ದಾರೆ. ಇಲ್ಲದ ಹಕ್ಕನ್ನು ಬರೆದುಕೊಟ್ಟರೆ ಪಡೆದವರಿಗೆ ದಕ್ಕುವುದೂ ಇಲ್ಲದ ಹಕ್ಕೇ.

ಹಾಗೆಂದು ಶುಲ್ಕ ಪೂರ್ತಿ ವ್ಯರ್ಥವಲ್ಲ. ನೋಂದಣಿಯಾಗದ ಕ್ರಯಪತ್ರದಿಂದ ಹಕ್ಕು ವರ್ಗಾವಣೆ ಆಗುವುದೇ ಇಲ್ಲ ಎನ್ನುತ್ತದೆ 49ನೇ ಕಲಂ. ನೋಂದಣಿಯಾದ ಪತ್ರದ ಬಗ್ಗೆ ಮುಂದೆ ಕೊಳ್ಳುವವರು ‘ನನಗೆ ಗೊತ್ತಿರಲಿಲ್ಲ’ ಎನ್ನುವಂತಿಲ್ಲ. ಗೊತ್ತಿದೆ ಎಂದೇ ಕಾನೂನು ಭಾವಿಸುತ್ತದೆ. ಅಂದರೆ ಮಾರಾಟದಲ್ಲಿ ನೋಂದಣಿ ಇಲ್ಲದೆ ಒಡೆತನ ಬರುವುದಿಲ್ಲ, ನೋಂದಣಿ ಒಂದರಿಂದಲೇ ಒಡೆತನ ಬರುವುದೂ ಇಲ್ಲ. ಮೂರು ತೀರ್ಪುಗಳಲ್ಲಿ ಪರಸ್ಪರ ವಿರೋಧ ಕಂಡವರು ಈ ಎರಡು ವಾಕ್ಯಗಳನ್ನು ಒಟ್ಟಿಗೆ ಓದಿದರೆ ಸಾಕು.

ನೂರು ರೂಪಾಯಿ, ಹನ್ನೊಂದು ತಿಂಗಳು

ಈ ಕಾಯ್ದೆಗಳ ವಯಸ್ಸು ತಿಳಿಯಬೇಕಾದರೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 54ನೇ ಕಲಂ ನೋಡಬೇಕು. 100 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಸ್ಥಿರಾಸ್ತಿಯ ಮಾರಾಟಕ್ಕೆ ನೋಂದಣಿ ಕಡ್ಡಾಯ ಎನ್ನುತ್ತದೆ ಅದು. ಮೊತ್ತ ಇವತ್ತಿಗೂ 100 ರೂಪಾಯಿಯೇ. ಆಗ ಸಣ್ಣ ಹಿಡುವಳಿಗಳನ್ನು ನೋಂದಣಿಯ ಗೋಜಿನಿಂದ ಬಿಡಲು ಇಟ್ಟ ಗೆರೆ ಈಗ ಯಾವ ಆಸ್ತಿಯನ್ನೂ ಹೊರಗೆ ಬಿಡುವುದಿಲ್ಲ. ಅದರಿಂದ ಯಾರಿಗೂ ತೊಂದರೆಯಿಲ್ಲವಾದ್ದರಿಂದ ತಿದ್ದುವ ಗೊಡವೆಗೆ ಯಾರೂ ಹೋಗಿಲ್ಲ.

ಬಾಡಿಗೆ ಕರಾರು ಹನ್ನೊಂದು ತಿಂಗಳಿಗೇ ಏಕೆ ಎಂಬುದಕ್ಕೂ ಉತ್ತರ 1908ರಲ್ಲಿದೆ. ಒಂದು ವರ್ಷ ಮೀರುವ ಭೋಗ್ಯ, ಗುತ್ತಿಗೆಗಳನ್ನು 17ನೇ ಕಲಂ ಕಡ್ಡಾಯ ನೋಂದಣಿಗೆ ಸೇರಿಸುತ್ತದೆ. ಅದರಿಂದ ತಪ್ಪಿಸಿಕೊಳ್ಳಲು ಇಡೀ ದೇಶ ಹನ್ನೊಂದು ತಿಂಗಳ ಬಾಡಿಗೆದಾರನಾಗಿ ಬದುಕುತ್ತಿದೆ. ಕಾಯ್ದೆ ಬದಲಾಗದಿದ್ದರೆ ಜನ ಅದರ ಸುತ್ತ ದಾರಿ ಮಾಡಿಕೊಳ್ಳುತ್ತಾರೆ. ಕ್ರಯಪತ್ರದ ಬದಲು ಜಿಪಿಎ (ಸಾಮಾನ್ಯ ಅಧಿಕಾರಪತ್ರ) ಕೊಟ್ಟು ಮಾರುವುದು ಹುಟ್ಟಿದ್ದೂ ಹೀಗೆಯೇ.

ಒಂದೇ ಜಮೀನು, ನಾಲ್ಕು ಪುಸ್ತಕ

ನೋಂದಣಿ ಇಲಾಖೆಯ ಪುಸ್ತಕ ವ್ಯವಹಾರದ ಕಥೆ ಹೇಳುತ್ತದೆ. ಕೃಷಿ ಜಮೀನಾದರೆ ಕಂದಾಯ ಇಲಾಖೆಯ ಪಹಣಿ ಇದೆ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯಡಿ ಯಾರ ಹಕ್ಕು, ಯಾರ ಸ್ವಾಧೀನ, ಏನು ಬೆಳೆ ಎಂದು ಬರೆಯುವ ದಾಖಲೆ ಅದು. ಭೂಮಾಪನ ಇಲಾಖೆಯಲ್ಲಿ ಆಕಾರ್‌ಬಂದ್‌ (ಪ್ರತಿ ಸರ್ವೆ ನಂಬರಿನ ವಿಸ್ತೀರ್ಣ, ಕಂದಾಯದ ಪಟ್ಟಿ), ಅಳತೆಯ ಟಿಪ್ಪಣಿ, ನಕ್ಷೆ ಇರುತ್ತವೆ. ಜಮೀನು ಊರೊಳಗಿದ್ದರೆ ಪಾಲಿಕೆ, ಪುರಸಭೆ ಅಥವಾ ಗ್ರಾಮ ಪಂಚಾಯಿತಿಯ ಖಾತೆ ಇರುತ್ತದೆ. ಖಾತೆ ಹುಟ್ಟಿದ್ದು ತೆರಿಗೆಗಾಗಿ. ‘ಈ ಆಸ್ತಿಯ ತೆರಿಗೆ ಇವರಿಂದ ವಸೂಲಿ ಮಾಡಿ’ ಎನ್ನುವುದೇ ಅದರ ಮೂಲ ಅರ್ಥ.

ಇವುಗಳಲ್ಲಿ ಒಂದೂ ಒಡೆತನದ ಅಂತಿಮ ಪುರಾವೆಯಲ್ಲ. ಪಹಣಿಯಲ್ಲಿನ ನಮೂದು ತಪ್ಪೆಂದು ಸಾಬೀತಾಗುವವರೆಗೆ ಸರಿ ಎಂದು ಭಾವಿಸಬೇಕು ಎಂದಷ್ಟೇ ಭೂಕಂದಾಯ ಕಾಯ್ದೆಯ 133ನೇ ಕಲಂ ಹೇಳುತ್ತದೆ. ಮ್ಯುಟೇಶನ್‌ನಿಂದ (ಕಂದಾಯ ದಾಖಲೆಯಲ್ಲಿ ಹೆಸರು ಬದಲಿಸುವುದರಿಂದ) ಹಕ್ಕು ಹುಟ್ಟುವುದೂ ಇಲ್ಲ, ಅಳಿಯುವುದೂ ಇಲ್ಲ ಎಂದು ಸುಪ್ರೀಂ ಕೋರ್ಟ್‌ 1996ರಲ್ಲೇ ಸ್ಪಷ್ಟವಾಗಿ ಹೇಳಿದೆ.

ನಾಲ್ಕು ಪುಸ್ತಕಗಳು ಒಂದೇ ಮಾತು ಹೇಳಿದ್ದರೆ ಚಿಂತೆಯಿರಲಿಲ್ಲ. ಅವು ಬೇರೆಬೇರೆ ವೇಗದಲ್ಲಿ ಓಡುತ್ತವೆ. ತಂದೆ ತೀರಿಕೊಂಡ ಕ್ಷಣಕ್ಕೆ ಹಕ್ಕು ಮಕ್ಕಳಿಗೆ ಹೋಗುತ್ತದೆ, ಆದರೆ ಪೌತಿ ಖಾತೆಗೆ (ತೀರಿಕೊಂಡವರ ಬದಲು ವಾರಸುದಾರರ ಹೆಸರು ಸೇರಿಸಲು) ಅರ್ಜಿ ಹಾಕುವವರೆಗೆ ಪಹಣಿಯಲ್ಲಿ ತಂದೆಯ ಹೆಸರೇ ಇರುತ್ತದೆ. ಅಜ್ಜ, ಮುತ್ತಜ್ಜನ ಹೆಸರಲ್ಲೇ ಉಳಿದ ಪಹಣಿಗಳು ರಾಜ್ಯದಲ್ಲಿ ಲಕ್ಷಗಟ್ಟಲೆ ಇರುವುದರಿಂದಲೇ ಕಂದಾಯ ಇಲಾಖೆ ಪೌತಿ ಖಾತೆಗೆ ಆಂದೋಲನ ನಡೆಸಬೇಕಾಯಿತು. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಪಾಲು ಮಾಡಿಕೊಂಡು ಬದು ಹಾಕಿಕೊಂಡಿರುತ್ತಾರೆ. ಪಹಣಿಯಲ್ಲಿ ಹೆಸರುಗಳು ಜಂಟಿಯಾಗಿರುತ್ತವೆ, ನಕ್ಷೆಯಲ್ಲಿ ಬದುವೇ ಇರುವುದಿಲ್ಲ. ಒಂದೇ ಸರ್ವೆ ನಂಬರಿನಲ್ಲಿ ಐದಾರು ಜನ ಇದ್ದು ಪೋಡಿ (ಅಳೆದು ಪ್ರತ್ಯೇಕ ಸಂಖ್ಯೆಗಳಾಗಿ ಭಾಗಿಸುವುದು) ಆಗಿಲ್ಲದಿದ್ದರೆ, 2 ಎಕರೆ 10 ಗುಂಟೆ ಎಂದು ಪಹಣಿ ಹೇಳುತ್ತದೆಯೇ ಹೊರತು ಆ ಜಾಗ ಯಾವ ಮೂಲೆಯಲ್ಲಿದೆ ಎಂದು ಹೇಳುವುದಿಲ್ಲ. ಒಂದು ಸರ್ವೆ ನಂಬರಿನ ಪಹಣಿಗಳ ವಿಸ್ತೀರ್ಣ ಕೂಡಿಸಿದರೆ ಆಕಾರ್‌ಬಂದ್‌ಗಿಂತ ಹೆಚ್ಚಾಗುವುದೂ ಉಂಟು. ನೆಲ ಹಿಗ್ಗುವುದಿಲ್ಲ, ಕೊನೆಗೆ ಕೊಂಡವರ ಪಾಲು ಕುಗ್ಗುತ್ತದೆ.

ಭೂಮಿ ತಂತ್ರಾಂಶ ಬಂದು ಎರಡು ದಶಕ ಮೀರಿತು. ನೋಂದಣಿಗೆ ಕಾವೇರಿ, 2023ರಿಂದ ಕಾವೇರಿ 2.0, ಅಳತೆಗೆ ಮೋಜಿಣಿ, ಪಂಚಾಯಿತಿಗೆ ಇ-ಸ್ವತ್ತು. ಕ್ರಯಪತ್ರ ನೋಂದಣಿಯಾದ ತಕ್ಷಣ ಮಾಹಿತಿ ಭೂಮಿಗೆ ಹೋಗಿ ಮ್ಯುಟೇಶನ್‌ ಶುರುವಾಗುವ ವ್ಯವಸ್ಥೆಯಿದೆ. ಈ ವಿಷಯದಲ್ಲಿ ಕರ್ನಾಟಕ ಬೇರೆ ರಾಜ್ಯಗಳಿಗಿಂತ ಮುಂದಿದೆ ಎಂಬುದು ಉತ್ಪ್ರೇಕ್ಷೆಯಲ್ಲ. ಆದರೆ ಗಣಕೀಕರಣ ಪುಸ್ತಕಗಳನ್ನು ವೇಗಗೊಳಿಸಿತು, ಅವುಗಳ ಕಾನೂನುಬಲವನ್ನು ಹೆಚ್ಚಿಸಲಿಲ್ಲ. ಕೈಬರಹದಲ್ಲಿದ್ದ ತಪ್ಪು ಈಗ ಮೊಬೈಲಿನಲ್ಲಿ ಕಾಣುತ್ತದೆ, ಅಷ್ಟೇ.

ನೋಂದಣಿಯಾಗಿಯೂ ಬಿದ್ದುಹೋಗುವ ಪತ್ರಗಳು

ಮೊದಲನೆಯದು ಹೆಣ್ಣುಮಕ್ಕಳ ಸಹಿಯಿಲ್ಲದ ಪತ್ರ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹುಟ್ಟಿನ ಹಕ್ಕು ಕೊಟ್ಟಿತು. ಕರ್ನಾಟಕ 1994ರಲ್ಲೇ, ಆ ಹೊತ್ತಿಗೆ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಈ ಹಕ್ಕು ಕೊಟ್ಟಿತ್ತು. ತಂದೆ 2005ರಲ್ಲಿ ಬದುಕಿರಲೇಬೇಕೆಂಬ ಷರತ್ತಿಲ್ಲ ಎಂದು 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್‌ ಇತ್ಯರ್ಥಪಡಿಸಿತು. 2004ರ ಡಿಸೆಂಬರ್‌ 20ಕ್ಕೆ ಮೊದಲು ಆದ ಮಾರಾಟ ಮತ್ತು ನೋಂದಾಯಿತ ವಿಭಾಗಗಳಿಗೆ ರಕ್ಷಣೆಯಿದೆ. ಅದರ ನಂತರ ಮೂವರು ಅಣ್ಣತಮ್ಮಂದಿರು ಮಾತ್ರ ಸಹಿ ಹಾಕಿ ಮಾರಿದ್ದರೆ, ತಂಗಿ ವಿಭಾಗದ ದಾವೆ ಹೂಡಬಹುದು. ಆಗ ಕೊಂಡವರಿಗೆ ದಕ್ಕುವುದು ಸಾಮಾನ್ಯವಾಗಿ ಅಣ್ಣತಮ್ಮಂದಿರ ಪಾಲು ಮಾತ್ರ. ಯಜಮಾನ ಕುಟುಂಬದ ಅಗತ್ಯಕ್ಕೆಂದು ಮಾರಿದ್ದು ಎಲ್ಲರನ್ನೂ ಕಟ್ಟಿಹಾಕುತ್ತದೆ ನಿಜ, ಆದರೆ ಆ ಅಗತ್ಯವನ್ನು ಸಾಬೀತು ಮಾಡುವ ಹೊರೆ ಕೊಂಡವರ ತಲೆಗೇ ಬರುತ್ತದೆ. ಸಬ್‌ ರಿಜಿಸ್ಟ್ರಾರ್‌ ವಂಶವೃಕ್ಷ ಪರಿಶೀಲಿಸಬೇಕೆಂದು 1908ರ ಕಾಯ್ದೆ ಹೇಳಿಲ್ಲ.

ಎರಡನೆಯದು ಗ್ರಾಂಟ್‌ ಜಮೀನು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಷರತ್ತು ಮುರಿದು ಅಥವಾ ಸರ್ಕಾರದ ಅನುಮತಿಯಿಲ್ಲದೆ ಮಾರಿದರೆ 1978ರ ಪಿಟಿಸಿಎಲ್‌ ಕಾಯ್ದೆಯಡಿ ಆ ಮಾರಾಟ ಶೂನ್ಯ. ಉಪವಿಭಾಗಾಧಿಕಾರಿ ಜಮೀನನ್ನು ಮೂಲ ಮಂಜೂರಾತಿದಾರರಿಗೆ ಮರಳಿಸಬಹುದು. ಅರ್ಜಿಗೆ ಕಾಲಮಿತಿ ಬರೆದಿರದಿದ್ದರೂ ಸೂಕ್ತ ಅವಧಿಯೊಳಗೆ ಬರಬೇಕು ಎಂದು ಸುಪ್ರೀಂ ಕೋರ್ಟ್‌ ಹೇಳಿದ ಮೇಲೆ ಬಹಳ ಅರ್ಜಿಗಳು ಬಿದ್ದುಹೋದವು. 2023ರ ತಿದ್ದುಪಡಿ ಕಾಲಮಿತಿಯ ಅಡ್ಡಿಯನ್ನು ತೆಗೆಯಿತು. ಹೆದರಿಸಿ, ಸಾಲದಲ್ಲಿ ಸಿಕ್ಕಿಸಿ ಕಿತ್ತುಕೊಂಡ ಜಮೀನು ಮರಳಬೇಕೆಂಬುದು ಕಾಯ್ದೆಯ ಆಶಯ, ಅದು ನ್ಯಾಯವಾದದ್ದೇ. ಮೂರನೇ ಕೈಯಲ್ಲಿ, ನಾಲ್ಕನೇ ಕೈಯಲ್ಲಿ ನಿವೇಶನವಾಗಿ ಕೊಂಡವರಿಗೆ ಮಾತ್ರ ಜಮೀನಿನ ಮೂಲ ತಿಳಿದಿರುವುದೇ ಇಲ್ಲ. ಎಷ್ಟು ಸಲ ನೋಂದಣಿಯಾಗಿದ್ದರೂ ಶೂನ್ಯ ಶೂನ್ಯವೇ.

ಮೂರನೆಯದು ಜಿಪಿಎ ಮತ್ತು ಕರಾರಿನ ಮೇಲೆ ನಡೆದ ಮಾರಾಟ. ಇದರಿಂದ ಒಡೆತನ ವರ್ಗಾವಣೆಯಾಗುವುದಿಲ್ಲವೆಂದು 2011ರಲ್ಲಿ ಸುಪ್ರೀಂ ಕೋರ್ಟ್‌ ಖಚಿತಪಡಿಸಿತು. ಭೂಪರಿವರ್ತನೆಯಾಗದ ಕೃಷಿ ಜಮೀನಿನಲ್ಲಿ ಮಾಡಿದ ಕಂದಾಯ ನಿವೇಶನಗಳ ಲೋಕದಲ್ಲಿ ಇದು ಇನ್ನೂ ಜೀವಂತ.

ಇ.ಸಿಯಲ್ಲಿ ಕಾಣದವು

‘ಇ.ಸಿ ಕ್ಲೀನ್‌ ಇದೆ’ ಎಂಬ ಮಾತಿನ ಮೇಲೆ ಎಷ್ಟೋ ವ್ಯಾಪಾರ ಕುದುರುತ್ತದೆ. ಋಣಭಾರ ಪ್ರಮಾಣಪತ್ರ ಎಂದರೆ ನೋಂದಣಿ ಕಚೇರಿಯ ಸೂಚಿಯಿಂದ ತೆಗೆದ ಪಟ್ಟಿ. ನಮೂದುಗಳಿದ್ದರೆ ನಮೂನೆ 15, ಏನೂ ಇಲ್ಲದಿದ್ದರೆ ನಮೂನೆ 16. ನೋಂದಣಿಯಾಗದ್ದು ಅದರಲ್ಲಿ ಬರುವ ದಾರಿಯೇ ಇಲ್ಲ. ಬಾಯಿಮಾತಿನ ಪಾಲು, ವಾರಸಾಗಿ ಬಂದ ಹಕ್ಕು, ನೋಂದಾಯಿಸದ ಕರಾರು, ನ್ಯಾಯಾಲಯದಲ್ಲಿ ನಡೆಯುತ್ತಿರುವ ದಾವೆ ಇವೆಲ್ಲ ಹೊರಗೇ. ವಿಲ್‌ ನೋಂದಣಿಯಾಗಿದ್ದರೂ ಅದು ಮೂರನೇ ಪುಸ್ತಕದಲ್ಲಿರುತ್ತದೆ, ಬರೆದವರು ಬದುಕಿರುವವರೆಗೆ ಬೇರೆಯವರಿಗೆ ಸಿಗುವುದಿಲ್ಲ.

ಹುಡುಕಾಟದಲ್ಲೂ ತಪ್ಪುತ್ತದೆ. ಸೂಚಿ ಹುಡುಕುವುದು ಕೊಟ್ಟ ವಿವರವನ್ನೇ. ಸರ್ವೆ ನಂಬರು 42 ಪೋಡಿಯಾಗಿ 42/3 ಆಗಿದ್ದರೆ, ಅದೇ ಜಾಗ ಮುಂದೆ ನಿವೇಶನ ಸಂಖ್ಯೆ 17 ಆಗಿದ್ದರೆ, ಹೊಸ ಸಂಖ್ಯೆಗೆ ಮಾತ್ರ ಕೇಳಿದ ಇ.ಸಿ ಹಳೆಯ ಅಡಮಾನವನ್ನು ತೋರಿಸದು. ಪ್ರತಿಯೊಂದು ಹಳೆಯ ಸಂಖ್ಯೆಗೂ ಬೇರೆಬೇರೆಯಾಗಿ ಕೇಳಬೇಕು. ಕಾವೇರಿಯಲ್ಲಿ 2004ರ ಏಪ್ರಿಲ್‌ 1ರಿಂದ ಈಚಿನದು ಸಿಗುತ್ತದೆ. ಅದಕ್ಕೂ ಹಿಂದಿನದಕ್ಕೆ ಕಚೇರಿಯ ಕೈಬರಹದ ಪುಸ್ತಕಗಳೇ ಗತಿ. ಬ್ಯಾಂಕಿನ ವಕೀಲರು 30 ವರ್ಷದ ಇತಿಹಾಸ ಕೇಳುವುದು ಸುಮ್ಮನೆ ಅಲ್ಲ: ಸರ್ಕಾರ ತನ್ನ ಜಮೀನಿಗಾಗಿ ದಾವೆ ಹೂಡಲು 30 ವರ್ಷ ಅವಕಾಶವಿದೆ, 30 ವರ್ಷ ಹಳೆಯ ಪತ್ರವನ್ನು ಸಾಕ್ಷ್ಯ ಕಾನೂನು ಹೆಚ್ಚು ಸುಲಭವಾಗಿ ನಂಬುತ್ತದೆ.

ಬಿಹಾರದ ತೀರ್ಪು ಹೇಳಿದ್ದು, ಹೇಳದ್ದು

ಬಿಹಾರ 2019ರಲ್ಲಿ ತನ್ನ ನೋಂದಣಿ ನಿಯಮಗಳಿಗೆ ಎರಡು ಉಪನಿಯಮ ಸೇರಿಸಿತ್ತು. ಮಾರುವವರ ಹೆಸರಿನಲ್ಲಿ ಜಮಾಬಂದಿ ಅಥವಾ ಹೋಲ್ಡಿಂಗ್‌ (ನಗರದ ಆಸ್ತಿ ಖಾತೆ) ಇದೆಯೆಂಬ ಪುರಾವೆ ಪತ್ರದಲ್ಲಿ ಇಲ್ಲದಿದ್ದರೆ ನೋಂದಣಿ ನಿರಾಕರಿಸಬಹುದು ಎಂಬುದು ಅದರ ಸಾರ. ಉದ್ದೇಶ ಒಳ್ಳೆಯದೇ, ಹಕ್ಕಿಲ್ಲದವರು ಮಾರುವುದನ್ನು ತಡೆಯಬೇಕಿತ್ತು. ಪಾಟ್ನಾ ಹೈಕೋರ್ಟ್‌ ಅದನ್ನು ಒಪ್ಪಿತ್ತು. ಸುಪ್ರೀಂ ಕೋರ್ಟ್‌ ಒಪ್ಪಲಿಲ್ಲ.

ಕಾರಣ ಎರಡು. ನೋಂದಣಿ ಕಾಯ್ದೆಯ 69ನೇ ಕಲಂ ಕೊಡುವುದು ಕಾಯ್ದೆಯನ್ನು ನಡೆಸಲು ಬೇಕಾದ ನಿಯಮ ಮಾಡುವ ಅಧಿಕಾರ. ಕಾಯ್ದೆಯಲ್ಲೇ ಇಲ್ಲದ ಹಕ್ಕಿನ ಪುರಾವೆಯನ್ನು ನಿಯಮದ ಮೂಲಕ ಕೇಳುವಂತಿಲ್ಲ. ಇದು ಕಾನೂನಿನ ಕಾರಣ. ನೆಲದ ಮೇಲಿನ ಕಾರಣ ಇದಕ್ಕಿಂತ ತೂಕದ್ದು. ಬಿಹಾರದಲ್ಲಿ ಸರ್ವೆಯೇ ಮುಗಿದಿಲ್ಲ, ಮ್ಯುಟೇಶನ್‌ ಬಾಕಿ ಬಿದ್ದಿದೆ. ಸರ್ಕಾರ ಕೊಡಬೇಕಾದ ದಾಖಲೆಯನ್ನು ಕೊಡದೆ, ಅದು ಇಲ್ಲವೆಂದು ಮಾರಾಟ ತಡೆದರೆ ಆಸ್ತಿಯ ಹಕ್ಕನ್ನೇ ತಡೆದಂತೆ.

ಹಕ್ಕು ಪರಿಶೀಲನೆ ಬೇಡ ಎಂದು ನ್ಯಾಯಾಲಯ ಹೇಳಲಿಲ್ಲ. ದೇಶದ ಸಿವಿಲ್‌ ವ್ಯಾಜ್ಯಗಳಲ್ಲಿ ಸುಮಾರು ಶೇ 66 ಆಸ್ತಿಗೆ ಸಂಬಂಧಿಸಿದ್ದು ಎಂದು ತೀರ್ಪಿನಲ್ಲೇ ಉಲ್ಲೇಖವಿದೆ. ನೋಂದಣಿಯನ್ನೂ ಒಡೆತನವನ್ನೂ ಜೋಡಿಸುವ ಹೊಸ ವ್ಯವಸ್ಥೆ, ಅದಕ್ಕೆ ಬ್ಲಾಕ್‌ಚೈನ್‌ನಂಥ ತಂತ್ರಜ್ಞಾನ ಒಗ್ಗುತ್ತದೆಯೇ ಎಂಬುದನ್ನು ಅಧ್ಯಯನ ಮಾಡುವಂತೆ ಕಾನೂನು ಆಯೋಗವನ್ನು ಕೋರಲಾಗಿದೆ. ಬ್ಲಾಕ್‌ಚೈನ್‌ ಬಗ್ಗೆ ಒಂದು ಮಾತು: ಸೇರಿಸಿದ ದಾಖಲೆಯನ್ನು ಗುಟ್ಟಾಗಿ ತಿದ್ದಲಾಗದಂತೆ ಅದು ಕಾಯುತ್ತದೆ, ಆದರೆ ಮೊದಲ ದಿನ ಸೇರಿಸಿದ್ದೇ ತಪ್ಪಾಗಿದ್ದರೆ ಆ ತಪ್ಪನ್ನೂ ಅಷ್ಟೇ ಭದ್ರವಾಗಿ ಕಾಯುತ್ತದೆ.

ಹಾಗಾದರೆ ಇ-ಖಾತೆ?

ತೀರ್ಪು ಬಿಹಾರದ ಉಪನಿಯಮಗಳ ಬಗ್ಗೆ. ಅದರಿಂದ ಕರ್ನಾಟಕದ ಇ-ಖಾತೆ ತಾನಾಗಿ ರದ್ದಾಗುವುದಿಲ್ಲ. ಪ್ರಶ್ನೆ ಮಾತ್ರ ಅದೇ ಜಾತಿಯದು.

ಸರ್ಕಾರದ ವಾದದಲ್ಲಿ ಹುರುಳಿದೆ. ಒಂದೇ ನಿವೇಶನವನ್ನು ಇಬ್ಬರಿಗೆ, ಮೂವರಿಗೆ ಮಾರುವುದು, ಸತ್ತವರ ಹೆಸರಿನಲ್ಲಿ ಬೇರೆಯವರು ನಿಂತು ಸಹಿ ಹಾಕುವುದು, ಕೆರೆ, ಗೋಮಾಳದ ಜಾಗಕ್ಕೆ ಕಾಗದ ಸೃಷ್ಟಿಸುವುದು ಇವೆಲ್ಲ ನಡೆದದ್ದು ಕೈಬರಹದ ಖಾತೆಯ ಕಾಲದಲ್ಲಿ. ಆಸ್ತಿಗೆ ಒಂದು ಗುರುತಿನ ಸಂಖ್ಯೆ, ಫೋಟೊ, ಸ್ಥಳದ ಅಕ್ಷಾಂಶ-ರೇಖಾಂಶ, ಮಾಲೀಕರ ಆಧಾರ್‌ ಜೋಡಣೆ ಇದ್ದರೆ ಕಾವೇರಿ ತಂತ್ರಾಂಶ ಮಾರುವವರ ಹೆಸರನ್ನು ಅಲ್ಲಿಂದಲೇ ಎತ್ತಿಕೊಳ್ಳುತ್ತದೆ, ಟೈಪ್‌ ಮಾಡಿ ಸೇರಿಸುವಂತಿಲ್ಲ. ವಂಚನೆ ಕಷ್ಟವಾಗುವುದು ನಿಜ.

ಎದುರು ವಾದ: ಖಾತೆ ಒಡೆತನದ ದಾಖಲೆಯಲ್ಲ ಎಂದು ನ್ಯಾಯಾಲಯಗಳು ಹೇಳುತ್ತಲೇ ಇವೆ, ಒಡೆತನದ ದಾಖಲೆಯೇ ಅಲ್ಲದ್ದು ಮಾರಾಟದ ಬಾಗಿಲಿಗೆ ಬೀಗ ಆಗುವುದು ಹೇಗೆ? ಮತ್ತೆ, ಇ-ಖಾತೆ ಕೊಡಬೇಕಾದವರು ಕೊಡದಿದ್ದರೆ ಬಿಹಾರದ ಸ್ಥಿತಿಯೇ ಬಂತಲ್ಲ? ಅರ್ಜಿಗಳು ನಿಲ್ಲುವ ಜಾಗಗಳು ಹೆಚ್ಚೂಕಡಿಮೆ ಒಂದೇ ತೆರ. ಕ್ರಯಪತ್ರದಲ್ಲಿ ‘ಹೆಚ್‌.ಆರ್‌. ನಾಗರಾಜು’, ಆಧಾರ್‌ನಲ್ಲಿ ‘ನಾಗರಾಜ ಆರ್‌’. ಪತ್ರದಲ್ಲಿ 30×40, ತೆರಿಗೆ ರಿಜಿಸ್ಟರ್‌ನಲ್ಲಿ 1,150 ಚದರಡಿ. ಮಾಲೀಕರು ತೀರಿಕೊಂಡಿದ್ದು ವಾರಸುದಾರರ ಹೆಸರಿಗೆ ಖಾತೆ ಆಗಿಲ್ಲ. ಜಂಟಿ ಮಾಲೀಕರಲ್ಲಿ ಒಬ್ಬರು ವಿದೇಶದಲ್ಲಿದ್ದಾರೆ, ಆಧಾರ್‌ ಇಲ್ಲ. ವಂಚನೆಯ ಉದ್ದೇಶ ಇವರಲ್ಲಿ ಯಾರಿಗೂ ಇಲ್ಲ, ಆದರೆ ಯಂತ್ರಕ್ಕೆ ಹೊಂದಾಣಿಕೆ ಬೇಕು.

ಕಾನೂನಿನ ಗಂಟು ಸಂವಿಧಾನದ ಏಳನೇ ಅನುಸೂಚಿಯಲ್ಲಿದೆ. ಭೂಮಿ ರಾಜ್ಯಪಟ್ಟಿಯಲ್ಲಿದೆ. ಪತ್ರಗಳ ನೋಂದಣಿ ಮತ್ತು ಕೃಷಿಯೇತರ ಆಸ್ತಿಯ ವರ್ಗಾವಣೆ ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಯಲ್ಲಿವೆ. ಪಹಣಿ, ಖಾತೆಯ ವಿಷಯದಲ್ಲಿ ರಾಜ್ಯ ಏನು ಬೇಕಾದರೂ ಮಾಡಬಹುದು. ನೋಂದಣಿಗೆ ಹೊಸ ಷರತ್ತು ಹಾಕಿ ಅದು ಕೇಂದ್ರದ ಕಾಯ್ದೆಗೆ ವಿರುದ್ಧವಾದರೆ ಶಾಸನಸಭೆಯ ತಿದ್ದುಪಡಿ ಮತ್ತು ರಾಷ್ಟ್ರಪತಿಗಳ ಅಂಕಿತ ಬೇಕು. ಸುತ್ತೋಲೆ, ನಿಯಮ, ತಂತ್ರಾಂಶದ ಕಡ್ಡಾಯ ಕಾಲಂ ಇವುಗಳಿಂದ ಆ ಕೆಲಸ ಆಗದು. ಬಿಹಾರ ಎಡವಿದ್ದು ಇಲ್ಲೇ.

ಕರ್ನಾಟಕ ಒಂದು ಹೆಜ್ಜೆಯನ್ನು ಸರಿಯಾದ ದಾರಿಯಲ್ಲೇ ಇಟ್ಟಿದೆ. 2023ರ ತಿದ್ದುಪಡಿ ಕಾಯ್ದೆ ರಾಷ್ಟ್ರಪತಿಗಳ ಅಂಕಿತ ಪಡೆದು ನೋಂದಣಿ ಕಾಯ್ದೆಗೆ 22-ಬಿ ಮತ್ತು ಅದರ ಜೊತೆಯ ಕಲಂಗಳನ್ನು ತಂದಿತು. ನಕಲಿ ಪತ್ರ, ಕಾನೂನು ನಿಷೇಧಿಸಿದ ವರ್ಗಾವಣೆ, ಜಪ್ತಿಯಾದ ಆಸ್ತಿಯ ಪತ್ರಗಳನ್ನು ಸಬ್‌ ರಿಜಿಸ್ಟ್ರಾರ್‌ ನಿರಾಕರಿಸಬಹುದು. ನೋಂದಣಿಯಾಗಿಬಿಟ್ಟ ನಕಲಿ ಪತ್ರವನ್ನು ಜಿಲ್ಲಾ ನೋಂದಣಾಧಿಕಾರಿ ನೋಟಿಸ್‌ ಕೊಟ್ಟು, ವಿಚಾರಣೆ ನಡೆಸಿ ರದ್ದುಪಡಿಸಬಹುದು. ಮೊದಲು ಇದಕ್ಕೆ ಸಿವಿಲ್‌ ನ್ಯಾಯಾಲಯದ ಮೆಟ್ಟಿಲು ಹತ್ತಲೇಬೇಕಿತ್ತು.

ತೊಡಕು ಇಲ್ಲೂ ಇದೆ. ದಿನಕ್ಕೆ ಹತ್ತಾರು ಪತ್ರ ನೋಡುವ ಅಧಿಕಾರಿ, ಎದುರಿಗಿರುವ 1987ರ ಮೂಲಪತ್ರ ನಕಲಿಯೋ ಅಸಲಿಯೋ ಎಂದು ಕೆಲವೇ ನಿಮಿಷಗಳಲ್ಲಿ ಹೇಗೆ ಹೇಳಬೇಕು? ತಪ್ಪಿದರೆ ತಮ್ಮ ಮೇಲೇ ಕ್ರಮ ಬರುತ್ತದೆಂದು ಈ ಕಲಂಗಳ ಬಗ್ಗೆ ನೋಂದಣಿ ಸಿಬ್ಬಂದಿಯೇ ಪ್ರತಿಭಟಿಸಿದ್ದರು. ಭಯವಿರುವ ಅಧಿಕಾರಿ ಸಂಶಯ ಬಂದದ್ದನ್ನೆಲ್ಲ ವಾಪಸ್‌ ಕಳಿಸುತ್ತಾರೆ. ಹಾಗೆ ಕಳಿಸಿದರೆ ಕಾರಣವನ್ನು ಬರಹದಲ್ಲಿ ಕೊಡಬೇಕೆಂದು 71ನೇ ಕಲಂ ಹೇಳುತ್ತದೆ. 72ನೇ ಕಲಂ ಅಡಿ 30 ದಿನದೊಳಗೆ ಜಿಲ್ಲಾ ನೋಂದಣಾಧಿಕಾರಿಗೆ ಮೇಲ್ಮನವಿ ಹಾಕಬಹುದು. ‘ಸಿಸ್ಟಮ್‌ ತಗೊಳ್ತಿಲ್ಲ’ ಎಂಬ ಬಾಯುತ್ತರದ ಮೇಲೆ ಮಾತ್ರ ಮೇಲ್ಮನವಿ ಸಾಧ್ಯವಿಲ್ಲ. ತಂತ್ರಾಂಶವೇ ಬಾಗಿಲು ಮುಚ್ಚಿದಾಗ ನಿರಾಕರಣೆ ಆಗಿದೆ ಎಂಬುದಕ್ಕೇ ಕಾಗದ ಹುಟ್ಟುವುದಿಲ್ಲ. ಇ-ಖಾತೆ ಚರ್ಚೆಯಲ್ಲಿ ಯಾರೂ ಹೆಚ್ಚು ಗಮನ ಕೊಡದ, ಆದರೆ ಎಲ್ಲಕ್ಕಿಂತ ಗಂಭೀರವಾದ ಲೋಪ ಇದು.

ಸರ್ಕಾರವೇ ಖಾತರಿ ಕೊಟ್ಟರೆ?

ದಕ್ಷಿಣ ಆಸ್ಟ್ರೇಲಿಯಾದಲ್ಲಿ 1858ರಲ್ಲಿ ರಾಬರ್ಟ್‌ ಟೊರೆನ್ಸ್‌ ತಂದ ಪದ್ಧತಿಯಲ್ಲಿ ನೋಂದಣಿಯಾಗುವುದು ಪತ್ರವಲ್ಲ, ಹಕ್ಕು. ರಿಜಿಸ್ಟರ್‌ನಲ್ಲಿ ಹೆಸರಿದ್ದವರೇ ಒಡೆಯರು, ಹಳೆಯ ಪತ್ರಗಳನ್ನು ಕೆದಕಬೇಕಿಲ್ಲ, ರಿಜಿಸ್ಟರ್‌ ತಪ್ಪಾಗಿ ಯಾರಿಗಾದರೂ ನಷ್ಟವಾದರೆ ಸರ್ಕಾರ ಪರಿಹಾರ ಕೊಡುತ್ತದೆ. ಭಾರತಕ್ಕೂ ಇದೇ ಬೇಕೆಂದು ಅರ್ಥಶಾಸ್ತ್ರಜ್ಞ ಡಿ.ಸಿ. ವಾಧ್ವಾ 1980ರ ದಶಕದ ಕೊನೆಯಲ್ಲೇ ವರದಿ ಕೊಟ್ಟರು. 2020ರಲ್ಲಿ ನೀತಿ ಆಯೋಗ ಮಾದರಿ ಕಾಯ್ದೆ ಮುಂದಿಟ್ಟಿತು. ರಾಜಸ್ಥಾನ ನಗರ ಪ್ರದೇಶಗಳಿಗೆ 2016ರಲ್ಲಿ ಕಾಯ್ದೆಯನ್ನೇ ಮಾಡಿತು. ಕರ್ನಾಟಕ ಮೈಸೂರು, ಮಂಗಳೂರು, ಶಿವಮೊಗ್ಗದಂಥ ನಗರಗಳಲ್ಲಿ ಮನೆಮನೆ ಅಳತೆ ಮಾಡಿ ಪ್ರಾಪರ್ಟಿ ಕಾರ್ಡ್‌ ಕೊಡಲು ಹೊರಟಿತು. ಮಂಗಳೂರಿನಲ್ಲಿ ಅದನ್ನು ನೋಂದಣಿಗೆ ಕಡ್ಡಾಯ ಮಾಡಲು ಹೋಗಿ, ಕಾರ್ಡ್‌ ಸಿಗದವರ ಗೋಳು ಹೆಚ್ಚಿ, ಸಡಿಲಿಸಬೇಕಾಯಿತು.

ಖಾತರಿ ಕೊಡುವ ಮೊದಲು ಪ್ರತಿಯೊಂದು ತುಂಡು ನೆಲವನ್ನೂ ಅಳೆದು, ಹಕ್ಕು ಹೇಳುವವರನ್ನೆಲ್ಲ ಕೇಳಿ, ತಕರಾರು ತೀರಿಸಬೇಕು. ಅದಕ್ಕೆ ಭೂಮಾಪಕರು ಬೇಕು, ನ್ಯಾಯಮಂಡಳಿ ಬೇಕು, ಪರಿಹಾರದ ನಿಧಿ ಬೇಕು. ಇನ್ನೊಂದು ಅಪಾಯವೂ ಇದೆ. ಇಂತಿಷ್ಟು ದಿನದೊಳಗೆ ತಕರಾರು ಹಾಕದಿದ್ದರೆ ಹಕ್ಕು ಹೋಯಿತು ಎಂದು ಗೆರೆ ಎಳೆದಾಗ, ಗೆರೆಯ ಆಚೆ ಬೀಳುವವರು ಕಾಗದವಿಲ್ಲದ ಉಳುಮೆದಾರರು, ಕಾಡಂಚಿನವರು, ತವರಿನ ಆಸ್ತಿ ಕೇಳಲು ಹಿಂಜರಿದ ಹೆಣ್ಣುಮಕ್ಕಳು. ಈಗಿನ ಪದ್ಧತಿಯ ಅನಿಶ್ಚಿತತೆಯೇ ಅವರಿಗೆ ತಡವಾಗಿಯಾದರೂ ನ್ಯಾಯಾಲಯಕ್ಕೆ ಬರುವ ಅವಕಾಶ ಕೊಟ್ಟಿದೆ.

ಕೇಂದ್ರದ ಭೂಸಂಪನ್ಮೂಲ ಇಲಾಖೆ 2025ರ ಮೇ ತಿಂಗಳಲ್ಲಿ ಅಭಿಪ್ರಾಯ ಕೇಳಿ ಹೊರಬಿಟ್ಟ ನೋಂದಣಿ ಮಸೂದೆಯ ಕರಡು 1908ರ ಕಾಯ್ದೆಯ ಜಾಗಕ್ಕೆ ಬರಬೇಕಾದದ್ದು. ಆನ್‌ಲೈನ್‌ ನೋಂದಣಿ, ಮಾರಾಟದ ಕರಾರು ಮತ್ತು ಅಧಿಕಾರಪತ್ರಗಳಿಗೂ ಕಡ್ಡಾಯ ನೋಂದಣಿ, ಆಧಾರ್‌ ಇಲ್ಲದವರಿಗೆ ಬೇರೆ ಗುರುತು ಎಲ್ಲವೂ ಅದರಲ್ಲಿದೆ. ಕರಾರು ನೋಂದಣಿ ಕಡ್ಡಾಯವಾದರೆ ಅವು ಇ.ಸಿಯಲ್ಲಿ ಕಾಣುತ್ತವೆ, ಒಂದೇ ಆಸ್ತಿಗೆ ಮೂವರಿಂದ ಮುಂಗಡ ಪಡೆಯುವ ಆಟ ಕಷ್ಟವಾಗುತ್ತದೆ. ಇದು ದೊಡ್ಡ ಲಾಭ. ಆದರೆ ಕರಡು ಕೂಡ ಪತ್ರಗಳನ್ನೇ ನೋಂದಾಯಿಸುತ್ತದೆ. ಒಡೆತನದ ಖಾತರಿಯ ಮಾತು ಅದರಲ್ಲೂ ಇಲ್ಲ.

ಅಲ್ಲಿಯವರೆಗೆ ಕೊಳ್ಳುವವರ ಪಾಡು

ಹಕ್ಕು ಪರಿಶೀಲಿಸುವ ಹೊಣೆ ಕೊಳ್ಳುವವರದೇ ಆಗಿರುವುದರಿಂದ ಅನುಕ್ರಮ ಮುಖ್ಯ. ಮುಂಗಡ ಕೊಡುವ ಮೊದಲು ಮೂಲಪತ್ರದಿಂದ ಇವತ್ತಿನವರೆಗೆ ಸರಪಳಿ ಕೂಡಿಸಬೇಕು. ಪ್ರತಿ ಕೊಂಡಿಯಲ್ಲೂ ಮಾರಿದವರಿಗೆ ಹೇಗೆ ಬಂತು ಎಂಬುದಕ್ಕೆ ಕಾಗದ ಬೇಕು. ಅದು ಪಿತ್ರಾರ್ಜಿತವಾಗಿದ್ದರೆ ವಂಶವೃಕ್ಷ ಕೇಳಿ, ಹೆಣ್ಣುಮಕ್ಕಳೂ ಸೇರಿ ಎಲ್ಲರೂ ಕ್ರಯಪತ್ರಕ್ಕೆ ಸಹಿ ಹಾಕಬೇಕು, ಇಲ್ಲವೇ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಇರಬೇಕು. ‘ಒಪ್ಪಿಗೆ ಇದೆ’ ಎಂಬ ನೋಟರಿ ಪತ್ರ ಸಾಲದು. ಮಂಜೂರಾದ ಜಮೀನೇ ಎಂದು ತಿಳಿಯಲು ಹಳೆಯ ಪಹಣಿಯ ಕಾಲಂಗಳನ್ನೂ ತಾಲ್ಲೂಕು ಕಚೇರಿಯ ಮಂಜೂರಾತಿ ಕಡತವನ್ನೂ ನೋಡಬೇಕು. ನಿವೇಶನವಾದರೆ ಭೂಪರಿವರ್ತನೆ ಆದೇಶ, ಅನುಮೋದಿತ ನಕ್ಷೆ ಬೇಕು. ಬಿ-ಖಾತೆ ಎಂಬುದು ಮೂಲದಲ್ಲಿ ತೆರಿಗೆ ವಸೂಲಿಗೆ ಇಟ್ಟ ಬೇರೆ ರಿಜಿಸ್ಟರ್‌, ಅದು ಇದೆಯೆಂದರೆ ಈ ಎರಡೂ ಇವೆ ಎಂದರ್ಥವಲ್ಲ.

ಹೊರದೇಶದಲ್ಲಿರುವವರು ಅಧಿಕಾರಪತ್ರದ ಮೂಲಕ ಮಾರುವುದಾದರೆ ಅದು ಅಲ್ಲಿನ ನೋಟರಿ ಅಥವಾ ಭಾರತದ ದೂತಾವಾಸದ ಎದುರು ಸಹಿಯಾಗಿರಬೇಕು, ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಕಟ್ಟಿರಬೇಕು. ಕೊಟ್ಟವರು ನೋಂದಣಿಯ ದಿನ ಬದುಕಿರಬೇಕು. ಅವರು ತೀರಿಕೊಂಡರೆ ಸಾಮಾನ್ಯವಾಗಿ ಅಧಿಕಾರಪತ್ರವೂ ಅಲ್ಲಿಗೆ ಮುಗಿಯುತ್ತದೆ.

ಕೃಷಿ ಜಮೀನಿನ ಒಂದು ಭಾಗವನ್ನಷ್ಟೇ ಕೊಳ್ಳುವುದಾದರೆ 11ಇ ನಕ್ಷೆ (ಮಾರುವ ಭಾಗವನ್ನು ಅಳೆದು ಗುರುತಿಸಿದ ನಕ್ಷೆ) ಇಲ್ಲದೆ ನೋಂದಣಿಯಾಗದು. ಆ ನಕ್ಷೆಗೆ ಭೂಮಾಪಕರು ಬಂದ ದಿನ ಕೊಳ್ಳುವವರು ಜಾಗದಲ್ಲಿರಬೇಕು, ಚೆಕ್ಕುಬಂದಿಯ ನಾಲ್ಕೂ ದಿಕ್ಕಿನವರನ್ನು ಕರೆಸಬೇಕು. ಪತ್ರದಲ್ಲಿ ‘ಪೂರ್ವಕ್ಕೆ ರಸ್ತೆ’ ಎಂದಿರುತ್ತದೆ, ನಕ್ಷೆಯಲ್ಲಿ ಅಲ್ಲಿ ದಾರಿಯೇ ಇರುವುದಿಲ್ಲ, ಪಕ್ಕದವರು ಇಷ್ಟು ವರ್ಷ ಸುಮ್ಮನೆ ಓಡಾಡಲು ಬಿಟ್ಟಿರುತ್ತಾರೆ. ಇದು ಯಾವ ತಂತ್ರಾಂಶದಲ್ಲೂ ಕಾಣುವುದಿಲ್ಲ, ಬದುವಿನ ಮೇಲೆ ನಿಂತಾಗಲೇ ಗೊತ್ತಾಗುತ್ತದೆ.